ಮಿಲ್‌ಫರ್ಡ್ ದಾರಿಯಲ್ಲಿ ಆತುರ ಬೇಡ

ಮಾನ್ಯರೇ,

ನ್ಯೂಜಿಲೆಂಡ್ ಪ್ರವಾಸದ ಬರಹಗಳಲ್ಲಿ ಬೆಟ್ಟಗಳ ನಡುವೆ ಕಡಲು ಒಳಚಾಚಿರುವ ಮಿಲ್‌ಫರ್ಡ್ ಸೌಂಡ್‌ನ ಫೋಟೊ ತಪ್ಪದೇ ಇರುತ್ತದೆ. ಅಲ್ಲಿಗೆ ಹೋಗುವ ರಸ್ತೆಯ ವಿವರ ಮಾತ್ರ ಇರುವುದಿಲ್ಲ. ಹಾಗಾಗಿ ಹಲವರು ಕ್ವೀನ್ಸ್‌ಟೌನ್‌ನಿಂದ ಬೆಳಿಗ್ಗೆ ಹೊರಟು ರಾತ್ರಿಗೆ ಮರಳುವ ಲೆಕ್ಕ ಹಾಕುತ್ತಾರೆ. ಒಂದು ಕಡೆಗೇ ಸುಮಾರು 290 ಕಿ.ಮೀ., ಎಲ್ಲೂ ನಿಲ್ಲಿಸದಿದ್ದರೂ ನಾಲ್ಕು ತಾಸು. ಅದರ ಮೇಲೆ ದೋಣಿ ವಿಹಾರಕ್ಕೆ ಎರಡು ತಾಸು ಸೇರಿಸಿ. ವಾಪಸಾಗುವಾಗ ಬೆಟ್ಟದ ತಿರುವುಗಳಲ್ಲಿ ಸ್ಟಿಯರಿಂಗ್ ಹಿಡಿದಿರುವವರು ಬಳಲಿರುತ್ತಾರೆ. ದಯವಿಟ್ಟು ಟೆ ಅನೌ ಊರಿನಲ್ಲಿ ಒಂದು ರಾತ್ರಿ ತಂಗಿ. ಅಲ್ಲಿಂದ ಮಿಲ್‌ಫರ್ಡ್‌ಗೆ 120 ಕಿ.ಮೀ. ಅಷ್ಟೆ.

ಟ್ಯಾಂಕ್ ತುಂಬಿಸುವುದೂ ಟೆ ಅನೌನಲ್ಲೇ ಆಗಬೇಕು. ಊರು ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ನಕ್ಷೆ, ದೋಣಿ ಟಿಕೆಟ್ ಮೊದಲೇ ಫೋನಿನಲ್ಲಿ ಉಳಿಸಿಕೊಂಡಿರಿ. ಎಗ್ಲಿಂಟನ್ ಕಣಿವೆಯ ಸಮತಟ್ಟು ರಸ್ತೆಯಲ್ಲಿ ವೇಗ ತಾನಾಗಿ ಏರುತ್ತದೆ, ಎಚ್ಚರ. ಮಿರರ್ ಲೇಕ್ಸ್‌ನಲ್ಲಿ ಬೆಟ್ಟದ ಪ್ರತಿಬಿಂಬ ಕಾಣಬೇಕಾದರೆ ಗಾಳಿ ಏಳುವ ಮೊದಲು ತಲುಪಿರಬೇಕು.

ಅಲ್ಲಿನ ಬೇಸಿಗೆಯಲ್ಲಿ (ಡಿಸೆಂಬರ್–ಫೆಬ್ರುವರಿ) ಬೇಗ ಹೊರಟಷ್ಟೂ ಒಳ್ಳೆಯದು. ಚಳಿಗಾಲಕ್ಕೆ (ಜೂನ್–ಆಗಸ್ಟ್) ಈ ಮಾತು ಸಲ್ಲದು: ನೆರಳಿನ ತಿರುವುಗಳಲ್ಲಿ ರಾತ್ರಿ ಕಟ್ಟಿದ ತೆಳು ಮಂಜುಗಡ್ಡೆ ಕಣ್ಣಿಗೆ ಕಾಣದು, ಬಿಸಿಲೇರುವವರೆಗೆ ಕರಗದು. ಮೇನಿಂದ ನವೆಂಬರ್‌ವರೆಗೆ ಫಲಕ ಸೂಚಿಸಿದಾಗ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಟಯರ್ ಚೈನ್ ಒಯ್ಯುವುದು ಕಡ್ಡಾಯ. ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೋ ಅವಕ್ಕೇ ಚೈನ್ ಹಾಕಬೇಕು. ಬಾಡಿಗೆ ಕಾರಾದರೆ ಅದು ಮುಂದಿನ ಜೋಡಿಯೋ ಹಿಂದಿನದೋ ಕೇಳಿ ತಿಳಿದು, ಒಣ ನೆಲದಲ್ಲಿ ಒಮ್ಮೆ ಹಾಕಿ ನೋಡಿ. ಹಿಮದಲ್ಲಿ ಬೆರಳು ಮರಗಟ್ಟಿದಾಗ ಕಲಿಯುವ ಕೆಲಸವಲ್ಲ ಅದು. ಹಾಕಿ ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡದಿದ್ದರೆ ಸಡಿಲ ಚೈನ್ ಚಕ್ರದ ಗೂಡಿಗೆ ಬಡಿಯುತ್ತದೆ. ವೇಗ ಗಂಟೆಗೆ 40 ಕಿ.ಮೀ. ದಾಟಬಾರದು.

ಇದೇ ರಸ್ತೆ ಬೆಟ್ಟದೊಳಗೆ ಹಾಯುವ ಹೋಮರ್ ಸುರಂಗದ ಕೆಲಸ 1935ರಲ್ಲಿ ಆರಂಭವಾಯಿತು, ವಾಹನಗಳಿಗೆ ತೆರೆದದ್ದು 1954ರಲ್ಲಿ. ಉದ್ದ 1.2 ಕಿ.ಮೀ. ಎರಡು ಬಸ್‌ಗಳು ಎದುರಾದರೆ ದಾಟುವಷ್ಟು ಅಗಲವಿಲ್ಲ, ಆದ್ದರಿಂದ ಬೇಸಿಗೆಯ ಹಗಲಿನಲ್ಲಿ ಸಿಗ್ನಲ್ ದೀಪದಂತೆ ಸರದಿ ಕಾಯಬೇಕು. ಚಳಿಗಾಲದಲ್ಲಿ ಆ ದೀಪ ಇರುವುದಿಲ್ಲ. ಸುರಂಗದ ಬಾಯಿ ಇರುವುದೇ ಹಿಮಕುಸಿತದ ಹಾದಿಯಲ್ಲಿ; ಅಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲಬಾರದು. 1983ರಲ್ಲಿ ರಸ್ತೆ ನಿರ್ವಹಣೆಯ ಮೇಲ್ವಿಚಾರಕರೊಬ್ಬರು ಇಲ್ಲೇ ಹಿಮದಡಿ ಸಿಕ್ಕಿ ಸತ್ತರು. ‘ನಿಲ್ಲಿಸಬೇಡಿ’ ಫಲಕವಿರುವ ಕಡೆ ಒಂದು ಫೋಟೊಗಾಗಿಯೂ ನಿಲ್ಲಿಸಬೇಡಿ.

ಮಿಲ್‌ಫರ್ಡ್ ಕಡೆಗೆ ಸುರಂಗ ಹತ್ತು ಅಡಿಗೆ ಒಂದಡಿಯಂತೆ ಇಳಿಯುತ್ತದೆ. ಒಳಹೊಗುವ ಮೊದಲೇ ಹೆಡ್‌ಲೈಟ್ ಹಾಕಿ, ತಂಪು ಕನ್ನಡಕ ತೆಗೆಯಿರಿ. ಹೊರಬಿದ್ದ ಕೂಡಲೇ ಹಾವಿನಂತೆ ಸುತ್ತುವ ಇಳಿಜಾರು. ಇಲ್ಲಿ ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ; ಗೇರ್ ಇಳಿಸಿ, ವೇಗವನ್ನು ಎಂಜಿನ್ನೇ ತಡೆಯಲಿ. ಕಾರಿನ ಬಳಿ ಬರುವ ಕೇಅ ಗಿಳಿಗಳಿಗೆ ತಿಂಡಿ ಹಾಕಬೇಡಿ. ಮನುಷ್ಯರ ಆಹಾರ ಅವಕ್ಕೆ ಹಾನಿ. ರೂಢಿಯಾದರೆ ರಸ್ತೆಯಲ್ಲೇ ಠಳಾಯಿಸಿ ಚಕ್ರಕ್ಕೆ ಸಿಗುತ್ತವೆ.

ಇನ್ನು ಮಳೆ. ಮಿಲ್‌ಫರ್ಡ್‌ನಲ್ಲಿ ವರ್ಷಕ್ಕೆ ಸುಮಾರು 6,800 ಮಿ.ಮೀ. ಸುರಿಯುತ್ತದೆ. ಫೆಬ್ರುವರಿ 2020ರ ನೆರೆಗೆ ರಸ್ತೆಯೇ ಕೊಚ್ಚಿ ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಹೊರಡುವ ದಿನ ಬೆಳಿಗ್ಗೆ ರಸ್ತೆ ತೆರೆದಿದೆಯೇ ನೋಡಿಕೊಳ್ಳಿ, ಒಂದು ದಿನ ಕೈಯಲ್ಲಿರಲಿ. ರಸ್ತೆ ತೆರೆದಿದ್ದರೆ ಬರಿಯ ಮೋಡಕ್ಕೆ ಹೆದರಿ ಟಿಕೆಟ್ ರದ್ದು ಮಾಡಬೇಡಿ. ಒಣ ದಿನ ಮಿಲ್‌ಫರ್ಡ್‌ನಲ್ಲಿ ದೊಡ್ಡ ಜಲಪಾತಗಳು ಎರಡೇ, ಬೋವೆನ್ ಮತ್ತು ಸ್ಟರ್ಲಿಂಗ್. ಮಳೆ ಹಿಡಿದರೆ ಹಿಮನದಿ ಕೊರೆದ ಆ ಕಡಿದಾದ ಬಂಡೆಗೋಡೆಗಳ ಉದ್ದಕ್ಕೂ ನೂರಾರು ನೀರಿನ ಎಳೆಗಳು ನೇರ ಕಡಲಿಗೆ ಇಳಿಯುತ್ತವೆ.

– ಒಬ್ಬ ಓದುಗ