ಮರೆವಿನ ಕಾಯಿಲೆಯ ಹಿರಿಯರಿಗೆ ಮನೆಯಲ್ಲೇ ಕೈಕೆಲಸ

ಸದಸ್ಯರೇ, ಡಿಮೆನ್ಶಿಯಾ ಇರುವ ಹಿರಿಯರಿಗಾಗಿ ದುಬಾರಿ ಬಣ್ಣದ ಪುಸ್ತಕ ಹುಡುಕುತ್ತ ಶಿರಸಿ ಪೇಟೆ ಸುತ್ತಬೇಡಿ. ನಿನ್ನೆಯದನ್ನು ಮರೆತವರಲ್ಲೂ ಕೈಗೆ ರೂಢಿಯಾದ ಕೆಲಸ ಬಹುಕಾಲ ಉಳಿದಿರುತ್ತದೆ. ಅಬ್ಬಲಿಗೆ ದಂಡೆ ಕಟ್ಟುತ್ತಿದ್ದವರಿಗೆ ಹೂವು, ಬಾಳೆನಾರು ಕೊಡಿ, ಸೂಜಿ ಬೇಡ. ರಂಗೋಲಿ ಇಡುತ್ತಿದ್ದವರಿಗೆ ಅಕ್ಕಿಹಿಟ್ಟು, ಅರಿಸಿನ ಸಾಕು, ಬಾಯಿಗೆ ಹೋದರೂ ಭಯವಿಲ್ಲ. ಯಕ್ಷಗಾನದ ಹುಚ್ಚಿದ್ದವರ ಮುಂದೆ ಹಳೆಯ ಪದ್ಯ ಹಾಕಿ, ಜೊತೆಗೆ ಕುಳಿತು ತಾಳ ತಟ್ಟಿ. ಮಾತಿಗೆ ತಡವರಿಸುವವರೂ ಹಾಡಿನ ಸಾಲನ್ನು ಪೂರ್ತಿ ಮಾಡುವುದುಂಟು.

ಸಂಜೆ ಗಲಿಬಿಲಿ ಹೆಚ್ಚುವವರಿಗೆ ಬೆಳಗಿನ ಹೊತ್ತೇ ಒಳ್ಳೆಯದು. ‘ಇದು ನೆನಪಿದೆಯೇ?’ ಎಂದು ಪರೀಕ್ಷೆ ಮಾಡಬೇಡಿ. ದಂಡೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಕಟ್ಟಬೇಡಿ (ಅಚ್ಚುಕಟ್ಟಿನ ಸೊಸೆಯಂದಿರಿಗೂ ಅಳಿಯಂದಿರಿಗೂ ವಿಶೇಷ ಸೂಚನೆ!). ಗುಂಪಿಗೆ ಫೋಟೋ ಕಳಿಸುವಾಗ ಹಿರಿಯರ ಮುಖ ಬೇಡ, ಕೆಲಸ ಮಾತ್ರ ಕಾಣಲಿ. ಹಿರಿಯರ ಸಹಾಯವಾಣಿ: 14567.