ದಿವಾಳಿ ಅರ್ಜಿ ಹಾಕಿದ ಮನೆಯ ಕರೆಂಟಿಗೆ ಕಾನೂನಿನ ರಕ್ಷಣೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ಸಾಲ ತೀರಿಸಲಾಗದ ಕಂಪನಿಯೊಂದು ದಿವಾಳಿ ಪ್ರಕ್ರಿಯೆಗೆ ಒಳಗಾದರೆ, ಹಳೆಯ ಬಿಲ್ ಬಾಕಿ ಇದೆಯೆಂಬ ಕಾರಣಕ್ಕೆ ಅದರ ಕಚೇರಿಯ ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನು ಕಡಿಯುವಂತಿಲ್ಲ. ಅದೇ ಸ್ಥಿತಿಗೆ ಬಂದ ಕುಟುಂಬವೊಂದು ಸಿವಿಲ್ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಸಲ್ಲಿಸಿದರೆ, ನೋಟಿಸಿನ ಅವಧಿ ಮುಗಿದ ಮರುದಿನವೇ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗಬಹುದು. ಕಾನೂನು ಕಂಪನಿಗೆ ಕೊಟ್ಟ ಈ ರಕ್ಷಣೆಯನ್ನು ಮನೆಗೆ ಏಕೆ ಕೊಟ್ಟಿಲ್ಲ ಎಂಬುದನ್ನು ಸರ್ಕಾರವೂ ವಿದ್ಯುತ್ ನಿಯಂತ್ರಣ ಆಯೋಗವೂ ಯೋಚಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

2016ರ ದಿವಾಳಿ ಸಂಹಿತೆಯ 14ನೇ ಸೆಕ್ಷನ್ ಪ್ರಕಾರ ಮೊರಟೋರಿಯಂ (ಸಾಲ ವಸೂಲಿಗೆ ಹಾಕುವ ತಾತ್ಕಾಲಿಕ ತಡೆ) ಜಾರಿಯಲ್ಲಿರುವಷ್ಟು ಕಾಲ ಕಂಪನಿಗೆ ಅಗತ್ಯ ಸೇವೆಗಳ ಪೂರೈಕೆಯನ್ನು ನಿಲ್ಲಿಸಬಾರದು. ವಿದ್ಯುತ್, ನೀರು, ದೂರಸಂಪರ್ಕ, ಮಾಹಿತಿ ತಂತ್ರಜ್ಞಾನ ಸೇವೆಗಳು ಈ ಪಟ್ಟಿಯಲ್ಲಿವೆ. ಈ ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳ ದಿವಾಳಿತನಕ್ಕೆ ಸಂಬಂಧಿಸಿದ್ದು. ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಅದು 2019ರ ಡಿಸೆಂಬರ್ 1ರಿಂದ ಅನ್ವಯವಾಗಿದ್ದು, ಉಳಿದ ಜನಸಾಮಾನ್ಯರ ಪಾಲಿಗೆ ಇನ್ನೂ ಪುಸ್ತಕದಲ್ಲೇ ಉಳಿದಿದೆ. ಹೀಗಾಗಿ ನಮ್ಮ ಜಿಲ್ಲೆಗಳಲ್ಲಿ ಪಾಪರ್ ಆದವರು ಇಂದಿಗೂ 1920ರ ಪ್ರಾಂತೀಯ ದಿವಾಳಿ ಅಧಿನಿಯಮದಡಿಯಲ್ಲೇ ಅರ್ಜಿ ಹಾಕಬೇಕು. ದೀಪವೆಂದರೆ ಸೀಮೆಎಣ್ಣೆಯದೇ ಎಂಬ ಕಾಲದಲ್ಲಿ ಬರೆದ ಆ ಕಾನೂನಿನಲ್ಲಿ ಕರೆಂಟ್ ಬಿಲ್ಲಿನ ಪ್ರಸ್ತಾಪ ಇರಲಿ ಎಂದು ನಿರೀಕ್ಷಿಸುವುದೂ ತಪ್ಪು. ವ್ಯಕ್ತಿಯನ್ನು ದಿವಾಳಿಯೆಂದು ಘೋಷಿಸಿದ ಮೇಲೆ ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಹೊಸ ದಾವೆ ಹೂಡಬಾರದು, ಆತನ ಆಸ್ತಿಯ ಮೇಲೆ ಕೈಹಾಕಬಾರದು ಎಂದು ಅದರ 28ನೇ ಸೆಕ್ಷನ್ ಹೇಳುತ್ತದೆ. ಆದರೆ ಫ್ಯೂಸ್ ಕೀಳುವುದು ದಾವೆಯೂ ಅಲ್ಲ, ಜಪ್ತಿಯೂ ಅಲ್ಲ. ಸಾಲ ಕೊಟ್ಟ ಇತರರೆಲ್ಲ ನ್ಯಾಯಾಲಯದ ಬಾಗಿಲಲ್ಲಿ ಸಾಲಾಗಿ ನಿಂತಿರುವಾಗ, ವಿದ್ಯುತ್ ಕಂಪನಿ ಮಾತ್ರ ಹಿಂಬಾಗಿಲಿನಿಂದ ತನ್ನ ಬಾಕಿಯನ್ನು ಪೂರ್ತಿ ವಸೂಲು ಮಾಡಿಕೊಂಡು ಹೋಗುವುದಕ್ಕೆ ಇದೇ ದಾರಿ.

ತಾಲ್ಲೂಕು ನ್ಯಾಯಾಲಯವೊಂದರಲ್ಲಿ ವಕೀಲಿ ಮಾಡುವ ನಾನು ಹತ್ತಿರದಿಂದ ಕಂಡ ಒಂದು ಪ್ರಕರಣವಿದೆ. ನನ್ನ ಕಕ್ಷಿದಾರರೊಬ್ಬರು ಮನೆಯ ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡಿದ್ದರು. ನೂಲಿನ ವ್ಯಾಪಾರಿಗೆ, ಸಹಕಾರಿ ಸಂಘಕ್ಕೆ, ಕೈಗಡ ಕೊಟ್ಟವರಿಗೆ ಸಾಲ ಏರಿ ಕೊನೆಗೆ ದಿವಾಳಿ ಅರ್ಜಿ ಹಾಕಿದರು. ಶೆಡ್ಡಿಗೂ ಮನೆಗೂ ಬೇರೆ ಬೇರೆ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇತ್ತು, ಮನೆಯ ಬಿಲ್ಲನ್ನು ಅವರ ಹೆಂಡತಿ ತಿಂಗಳು ತಪ್ಪದೆ ಕಟ್ಟುತ್ತಿದ್ದರು. ಆದರೂ ಒಂದು ತಿಂಗಳು ಮನೆಯ ಬಿಲ್ಲಿನಲ್ಲಿ ‘ಹಿಂದಿನ ಬಾಕಿ’ ಎಂಬ ಸಾಲಿನ ಎದುರು ಐದಂಕಿಯ ಮೊತ್ತವೊಂದು ಬಂದು ಕುಳಿತಿತ್ತು. ಎರಡೂ ಖಾತೆಗಳು ಒಂದೇ ಹೆಸರಿನಲ್ಲಿವೆ ಎಂಬ ಕಾರಣಕ್ಕೆ ಶೆಡ್ಡಿನ ಬಾಕಿಯನ್ನು ಮನೆಯ ಖಾತೆಗೆ ವರ್ಗಾಯಿಸಲಾಗಿತ್ತು. ಕಟ್ಟಲಾಗದೆ ಸಂಪರ್ಕ ಕಡಿತವಾಯಿತು. ಕತ್ತಲೆಯ ಮಾತು ಹಾಗಿರಲಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರೂ ನಿಂತು ಮನೆಮಂದಿಯೆಲ್ಲ ಕೊಡ ಹಿಡಿಯಬೇಕಾಯಿತು. ಕೊನೆಗೆ ಹೆಂಡತಿಯ ತವರಿನವರು ಸಾಲ ಮಾಡಿ ಬಾಕಿ ತೀರಿಸಿದರು. ಒಂದು ಸಾಲದಿಂದ ಬಿಡುಗಡೆ ಕೇಳಿ ಬಂದ ಕುಟುಂಬ ಇನ್ನೊಂದು ಸಾಲಕ್ಕೆ ಬಿದ್ದಿತ್ತು.

ಈ ಸಮಸ್ಯೆಗೆ ಅಮೆರಿಕ ತನ್ನ ದಿವಾಳಿ ಸಂಹಿತೆಯ 366ನೇ ಸೆಕ್ಷನ್ನಿನಲ್ಲಿ ಕಂಡುಕೊಂಡ ಪರಿಹಾರ ನನಗೆ ಒಪ್ಪುವಂಥದ್ದು. ಅರ್ಜಿ ಹಾಕಿದ್ದಾರೆ ಎಂಬ ಒಂದೇ ಕಾರಣಕ್ಕಾಗಲಿ, ಅರ್ಜಿಗೆ ಮುಂಚಿನ ಬಿಲ್ ಬಾಕಿಯಿದೆ ಎಂಬ ಕಾರಣಕ್ಕಾಗಲಿ ವಿದ್ಯುತ್, ಗ್ಯಾಸ್, ನೀರಿನ ಸಂಸ್ಥೆಗಳು ಅಲ್ಲಿ ಸೇವೆಯನ್ನು ನಿರಾಕರಿಸುವಂತಿಲ್ಲ, ತಾರತಮ್ಯ ಮಾಡುವಂತಿಲ್ಲ. ಬದಲಿಗೆ ಗ್ರಾಹಕರು 20 ದಿನಗಳೊಳಗೆ ಮುಂದಿನ ಬಿಲ್ಲುಗಳ ಬಗ್ಗೆ ಠೇವಣಿಯ ರೂಪದಲ್ಲೋ ಬೇರೆ ಭದ್ರತೆಯ ರೂಪದಲ್ಲೋ ಖಾತರಿ ಕೊಡಬೇಕು, ಕೊಡದಿದ್ದರೆ ಸಂಸ್ಥೆ ಸಂಪರ್ಕ ಕಡಿಯಬಹುದು. ಕೇಳಿದ ಠೇವಣಿ ವಿಪರೀತವೆನಿಸಿದರೆ ಅದನ್ನು ತಗ್ಗಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅರ್ಜಿಯ ದಿನಾಂಕಕ್ಕೆ ಹಳೆಯ ಖಾತೆಯ ಲೆಕ್ಕ ಮುಗಿಸಿ ಹೊಸ ಖಾತೆ ತೆರೆಯುವುದು ಅಲ್ಲಿನ ಅನೇಕ ಸಂಸ್ಥೆಗಳ ರೂಢಿ. ಹಳೆಯ ಬಾಕಿ ಉಳಿದ ಸಾಲಗಳ ಜೊತೆ ಸೇರಿ ಚಾಪ್ಟರ್ 7ರಲ್ಲಿ ಸಾಮಾನ್ಯವಾಗಿ ಮನ್ನಾ ಆಗುತ್ತದೆ, ಚಾಪ್ಟರ್ 13ರಲ್ಲಿ ಮೂರರಿಂದ ಐದು ವರ್ಷಗಳ ಮರುಪಾವತಿ ಯೋಜನೆಯಲ್ಲಿ ಸೇರಿಕೊಳ್ಳುತ್ತದೆ. ಹೊಸ ಬಿಲ್ಲು ಕಟ್ಟದವರಿಗೆ ಯಾವ ರಿಯಾಯಿತಿಯೂ ಇಲ್ಲ. ಇಲ್ಲಿ ದಯೆಗಿಂತ ಹೆಚ್ಚಾಗಿ ಸಾಲ ಕೊಟ್ಟವರ ನಡುವಿನ ಸಮಾನತೆಯ ತರ್ಕವಿದೆ. ಊರಿಗೊಂದೇ ವಿದ್ಯುತ್ ಸಂಸ್ಥೆ ಇರುವಾಗ ಅದರ ಕೈಯಲ್ಲಿರುವ ಸ್ವಿಚ್ಚು ಸಾಲ ಕೊಟ್ಟ ಬೇರೆ ಯಾರ ಕೈಯಲ್ಲೂ ಇರುವುದಿಲ್ಲ.

ನಮ್ಮಲ್ಲಿ ಈ ಭೇದ ಎಷ್ಟು ಆಳವಾಗಿದೆ ಎಂಬುದನ್ನು 2023ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂದ ಎರಡು ಆದೇಶಗಳನ್ನು ಪಕ್ಕಪಕ್ಕ ಇಟ್ಟರೆ ಕಾಣಬಹುದು. ಹರಾಜಿನಲ್ಲಿ ಆಸ್ತಿ ಕೊಂಡವರು ಹೊಸ ಸಂಪರ್ಕ ಕೇಳಿದಾಗ, ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನು ಕಟ್ಟಿಸಿಕೊಳ್ಳಬಹುದು ಎಂಬುದು ಕೇರಳದ ಪ್ರಕರಣಗಳಲ್ಲಿ ಬಂದ ತೀರ್ಪು. ದಿವಾಳಿ ಸಂಹಿತೆಯಡಿ ಕಂಪನಿಯೊಂದನ್ನು ವಹಿಸಿಕೊಂಡವರಿಂದ ಹಳೆಯ ಬಾಕಿ ಕೇಳುವಂತಿಲ್ಲ ಎಂಬ ನಿಲುವು ಒಡಿಶಾದ ಪ್ರಕರಣದಲ್ಲಿ ಉಳಿಯಿತು. ಎರಡೂ ಆಯಾ ಕಾನೂನಿನ ಪ್ರಕಾರ ಸರಿಯೇ ಇರಬಹುದು. ಒಂದು ಕಾನೂನು ಹೊಸ ಆರಂಭಕ್ಕೆ ಅವಕಾಶ ಕೊಡುತ್ತದೆ, ಸಾಮಾನ್ಯ ಮನೆಗೆ ಅಂಥ ಕಾನೂನೇ ಇಲ್ಲ.

ಕೇಂದ್ರ ಸರ್ಕಾರ ದಿವಾಳಿ ಸಂಹಿತೆಯ ಮೂರನೇ ಭಾಗವನ್ನು ಎಲ್ಲರಿಗೂ ಅನ್ವಯಿಸುವ ಕಾಲ ಬಂದರೂ ಮನೆಯ ಸಂಪರ್ಕಗಳಿಗೆ ನೇರ ರಕ್ಷಣೆ ಕೊಡುವ ಮಾತು ಅದರಲ್ಲಿಲ್ಲ. ಆದ್ದರಿಂದ ಅದಕ್ಕಾಗಿ ಕಾಯುತ್ತ ಕೂರುವ ಅಗತ್ಯವಿಲ್ಲ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 56ನೇ ಸೆಕ್ಷನ್, 15 ದಿನಗಳ ಲಿಖಿತ ನೋಟಿಸಿನ ನಂತರ ಸಂಪರ್ಕ ಕಡಿಯಬಹುದು ಎನ್ನುತ್ತದೆಯೇ ಹೊರತು ಕಡಿಯಲೇಬೇಕು ಎನ್ನುವುದಿಲ್ಲ. ಬಾಕಿ ವಸೂಲಿ, ಕಡಿತ, ಮರುಸಂಪರ್ಕಗಳ ಬಗ್ಗೆ ಸರಬರಾಜು ಸಂಹಿತೆ ರೂಪಿಸುವ ಅಧಿಕಾರವನ್ನು 50ನೇ ಸೆಕ್ಷನ್ ರಾಜ್ಯದ ಆಯೋಗಕ್ಕೇ ಕೊಟ್ಟಿದೆ. ದಿವಾಳಿ ಅರ್ಜಿಯ ಪ್ರತಿಯನ್ನು ಉಪವಿಭಾಗದ ಕಚೇರಿಗೆ ಸಲ್ಲಿಸಿದ ಗೃಹ ಬಳಕೆದಾರರ ಹಳೆಯ ಬಾಕಿಯನ್ನು ಬೇರೆಯಾಗಿಟ್ಟು, ನ್ಯಾಯಾಲಯದ ತೀರ್ಮಾನದವರೆಗೆ ಅದಕ್ಕಾಗಿ ಸಂಪರ್ಕ ಕಡಿಯಬಾರದು, ಮನೆಯ ಖಾತೆಗೆ ಬೇರೆ ಸಂಪರ್ಕದ ಬಾಕಿ ಸೇರಿಸಬಾರದು ಎಂದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಒಂದು ತಿದ್ದುಪಡಿ ತಂದರೆ ಸಾಕು. ಬೇಕಿದ್ದರೆ ಭದ್ರತಾ ಠೇವಣಿಯನ್ನು ಕಂತಿನಲ್ಲಿ ಪಡೆಯಲಿ, ಪ್ರಿಪೇಯ್ಡ್ ಮೀಟರ್ ಅಳವಡಿಸಲಿ. ಜಲಮಂಡಳಿ, ಪುರಸಭೆಗಳೂ ನೀರಿನ ವಿಷಯದಲ್ಲಿ ಇದೇ ಹಾದಿ ಹಿಡಿಯಬಹುದು. ಗೃಹಜ್ಯೋತಿ ಯೋಜನೆ ಇರುವಾಗ ಇದೇಕೆ ಎನ್ನುವವರಿಗೆ ಒಂದು ಮಾತು: ಅದು 200 ಯೂನಿಟ್ ಮಿತಿಯೊಳಗಿನ ಚಾಲ್ತಿ ಬಳಕೆಗೆ ಅನ್ವಯಿಸುತ್ತದೆ, ಹಳೆಯ ಬಾಕಿಯನ್ನು ಅಳಿಸುವುದಿಲ್ಲ.

ಎಸ್ಕಾಂಗಳು (ವಿದ್ಯುತ್ ಸರಬರಾಜು ಕಂಪನಿಗಳು) ಈಗಾಗಲೇ ನಷ್ಟದಲ್ಲಿವೆ, ಇದರ ಹೊರೆ ಪ್ರಾಮಾಣಿಕವಾಗಿ ಬಿಲ್ ಕಟ್ಟುವವರ ಮೇಲೆ ಬೀಳುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಸ್ಥಳೀಯ ಸಂಸ್ಥೆಗಳ ಬೀದಿದೀಪ ಮತ್ತು ನೀರು ಸರಬರಾಜಿನ ಬಾಕಿಯನ್ನು ವರ್ಷಗಟ್ಟಲೆ ಸಹಿಸಿಕೊಂಡು ಬಂದ ವ್ಯವಸ್ಥೆಗೆ ಇದು ದೊಡ್ಡ ಹೊರೆಯಾಗಲಾರದು. ಚಾಲ್ತಿ ಬಿಲ್ ಕಟ್ಟುವುದು ಕಡ್ಡಾಯವಾಗಿ ಉಳಿಯುವುದರಿಂದ ಬಾಕಿ ಬೆಳೆಯುವುದೂ ಇಲ್ಲ.

ತಿದ್ದುಪಡಿ ಬರುವವರೆಗೆ ಸಂಕಷ್ಟದಲ್ಲಿರುವ ಓದುಗರು ಕೆಲವು ಎಚ್ಚರ ವಹಿಸುವುದು ಒಳ್ಳೆಯದು. ದಿವಾಳಿ ಅರ್ಜಿಯ ಜೊತೆ ಸಲ್ಲಿಸುವ ಸಾಲ ಕೊಟ್ಟವರ ಪಟ್ಟಿಯಲ್ಲಿ ಬ್ಯಾಂಕು, ಕೈಗಡಗಳ ಜೊತೆಗೆ ವಿದ್ಯುತ್ ಮತ್ತು ನೀರಿನ ಬಾಕಿಯನ್ನೂ ಕಡ್ಡಾಯವಾಗಿ ನಮೂದಿಸಬೇಕು. ಬಹಳಷ್ಟು ಅರ್ಜಿಗಳಲ್ಲಿ ಇದೇ ಬಿಟ್ಟುಹೋಗಿರುತ್ತದೆ. ಮೊತ್ತದ ಬಗ್ಗೆ ಅಥವಾ ಬಾಕಿ ವರ್ಗಾವಣೆಯ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಡನೆ ಠೇವಣಿ ಇಟ್ಟರೆ ವ್ಯಾಜ್ಯ ಮುಗಿಯುವವರೆಗೆ ಸಂಪರ್ಕ ಕಡಿಯುವಂತಿಲ್ಲ ಎಂದು 56ನೇ ಸೆಕ್ಷನ್ನೇ ಹೇಳುತ್ತದೆ. ಮೊದಲು ಬಾಕಿಯಾದ ದಿನದಿಂದ ಎರಡು ವರ್ಷ ಕಳೆದಿದ್ದು, ಆ ಮೊತ್ತವನ್ನು ಬಿಲ್ಲುಗಳಲ್ಲಿ ಸತತವಾಗಿ ತೋರಿಸಿರದಿದ್ದರೆ ಅದಕ್ಕಾಗಿ ಫ್ಯೂಸ್ ಕೀಳುವ ಅಧಿಕಾರವೂ ಇಲ್ಲ. ಹಳೆಯ ಬಿಲ್ಲುಗಳನ್ನು ಎಸೆಯದೆ ಇಟ್ಟುಕೊಳ್ಳಿ, ಆಕ್ಷೇಪಣೆಯ ಪತ್ರಕ್ಕೆ ಉಪವಿಭಾಗದ ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಂದ ಮುಂದೆ ವಿದ್ಯುತ್ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು.

ಇತಿ,
ತಾಲ್ಲೂಕು ನ್ಯಾಯಾಲಯದ ಒಬ್ಬ ವಕೀಲ