ಕ್ಯುಸೆಕ್ ಲೆಕ್ಕ ಸಾಲದು, ನೀರು ಎಲ್ಲಿಯವರೆಗೆ ಬರುತ್ತದೆಂದು ತಿಳಿಸಿ

ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಾನು ಶಹಾಪುರ ತಾಲ್ಲೂಕಿನ ಕೃಷ್ಣಾ ದಂಡೆಯ ರೈತ. ಹೊಳೆಗೆ ಮೋಟರ್ ಇಟ್ಟು ಭತ್ತ ಬೆಳೆಯುತ್ತೇನೆ. ನಮ್ಮಲ್ಲಿ ಹನಿ ಮಳೆ ಬೀಳದಿದ್ದರೂ ಹೊಳೆ ತುಂಬಿ ಬರುತ್ತದೆ.

ಮಹಾರಾಷ್ಟ್ರದ ಘಟ್ಟದಲ್ಲಿ ವಿದ್ಯುತ್ತಿಗೆಂದೇ ಕಟ್ಟಿದ ಕೊಯ್ನಾ ಜಲಾಶಯವಿದೆ, 105 ಟಿಎಂಸಿ ಅಡಿಯದು (ಒಂದು ಟಿಎಂಸಿ ಅಡಿ ಅಂದರೆ ನೂರು ಕೋಟಿ ಘನ ಅಡಿ). ಕರೆಂಟು ತೆಗೆದ ನೀರಿನ ಹೆಚ್ಚಿನ ಪಾಲು ಕೊಂಕಣಕ್ಕೆ ಇಳಿಯುತ್ತದೆ. ಡ್ಯಾಮ್ ತುಂಬಿ ಗೇಟು ತೆರೆದಾಗ ಬರುವ ನೀರು ಕರಾಡದಲ್ಲಿ ಕೃಷ್ಣೆ ಸೇರಿ ನಮ್ಮ ಕಡೆ ಹೊರಡುತ್ತದೆ. ಆಲಮಟ್ಟಿಯಲ್ಲಿ 290 ಮೆಗಾವಾಟ್ ಘಟಕವಿದ್ದರೂ ಟರ್ಬೈನಿಗೆ ಹಿಡಿಸುವ ನೀರಿಗೆ ಮಿತಿಯಿದೆ. ಮಿಕ್ಕಿದ್ದಕ್ಕೆ ಗೇಟೇ ದಾರಿ. ಮುಂದೆ ನಾರಾಯಣಪುರದ ಬಸವಸಾಗರ ಹಿಡಿಯುವುದು ಸುಮಾರು 33 ಟಿಎಂಸಿ ಅಡಿ. 3 ಲಕ್ಷ ಕ್ಯುಸೆಕ್, ಅಂದರೆ ಸೆಕೆಂಡಿಗೆ 3 ಲಕ್ಷ ಘನ ಅಡಿ ನೀರು, ಒಂದು ದಿನ ಹರಿದರೆ ಹತ್ತಿರಹತ್ತಿರ 26 ಟಿಎಂಸಿ ಅಡಿ ಆಗುತ್ತದೆ. ಅಷ್ಟು ನೀರನ್ನು ಅಲ್ಲಿ ದಿನಗಟ್ಟಲೆ ತಡೆದು ನಿಲ್ಲಿಸಲಾಗದು, ನನಗೆ ಗೊತ್ತು. ಆದ್ದರಿಂದ ನೀರು ಯಾಕೆ ಬಿಟ್ಟಿರಿ ಎಂದು ಕೇಳುತ್ತಿಲ್ಲ.

ಒಂದು ಮಳೆಗಾಲ ಸಂಜೆ ‘ಒಂದೂವರೆ ಲಕ್ಷ ಬಿಟ್ಟಾರಂತ’ ಎಂದು ಸುದ್ದಿ ಬಂತು. ‘ಜಾಲಿಗಿಡದ ತನಕ ಬರತೈತಿ, ಮುಂಜಾನೆ ಮೋಟರ್ ಎತ್ತೋಣು’ ಅಂದ ಅಪ್ಪ. ಮುಂಜಾನೆ ಹೋದರೆ ಮೋಟರೂ ಇಲ್ಲ, ಪೈಪೂ ಇಲ್ಲ. ಜಾಲಿಯ ತುದಿಯಷ್ಟೇ ಕಾಣುತ್ತಿತ್ತು. ಅಪ್ಪನ ಲೆಕ್ಕ ಸಂಜೆಯ ನೀರಿಗೆ ಸರಿಯಾಗಿಯೇ ಇತ್ತು. ರಾತ್ರಿ ನೀರು ಹೆಚ್ಚಿಸಿದ್ದು ನಮ್ಮ ಊರಿಗೆ ತಿಳಿಯಲಿಲ್ಲ. ಆ ಮೋಟರಿನ ಸಾಲ ತೀರಿಸಲು ಎರಡು ಬೆಳೆ ಬೇಕಾಯಿತು.

ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಎಂದು ಮಗ ಶಾಲೆಯಲ್ಲಿ ಕಲಿತಿದ್ದಾನೆ. ನನಗೆ ಬೇಕಾದದ್ದು ಬೇರೆ: 2 ಲಕ್ಷ ಬಿಟ್ಟರೆ ನನ್ನ ಹೊಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ?

ಕೊಳ್ಳೂರು ಸೇತುವೆಯ ಕಂಬಗಳಿಗೆ, ದಂಡೆಯ ಪ್ರತಿ ಊರಿನ ಗುಡಿ ಮೆಟ್ಟಿಲಿಗೆ 1, 2, 3 ಲಕ್ಷದ ಗೆರೆಗಳನ್ನು ಬಣ್ಣದಲ್ಲಿ ಬರೆಸಿ. ಓದು ಬಾರದ ಕುರಿಗಾಹಿಗೂ ಬಣ್ಣ ತಿಳಿಯುತ್ತದೆ. ರಾತ್ರಿ ನೀರು ಹೆಚ್ಚಿಸಿದರೆ ರಾತ್ರಿಯೇ ಪಂಚಾಯಿತಿ ಮೈಕಿನಲ್ಲಿ ಕೂಗಿಸಿ, ಎಷ್ಟು ಗಂಟೆಗೆ ನಮ್ಮೂರು ಮುಟ್ಟುತ್ತದೆ ಎಂಬುದನ್ನೂ ಸೇರಿಸಿ. ಗೆರೆ ಎಳೆಯಲು ಸರ್ವೆಯವರ ಜೊತೆ ಊರಿನ ಹಿರಿಯರನ್ನು ಕೂರಿಸಿ. 2019ರ ಆಗಸ್ಟಿನಲ್ಲಿ ಬಸವಸಾಗರದ ಹೊರಹರಿವು 5 ಲಕ್ಷ ಕ್ಯುಸೆಕ್ ದಾಟಿದಾಗ ನೀರು ಯಾವ ಕಟ್ಟೆ ಮುಟ್ಟಿತ್ತೆಂದು ಅವರಿಗೆ ನೆನಪಿದೆ.

ನಮ್ಮ ಕಣದ ಬೇವಿನ ಮರಕ್ಕೆ ಆ ವರ್ಷದ ಮಟ್ಟದಲ್ಲಿ ಅಪ್ಪ ಒಂದು ಮೊಳೆ ಹೊಡೆದಿದ್ದಾನೆ. ನಿಮ್ಮವರು ಬಂದರೆ ಅಲ್ಲಿಂದಲೇ ಅಳತೆ ಶುರು ಮಾಡಬಹುದು.

ಇಂತಿ,
ಕೃಷ್ಣಾ ದಂಡೆಯ ಒಬ್ಬ ರೈತ